ಪ್ರತಿಕ್ರಿಯೆ: ಬೇತಾಳನಿಗೆ ಗುಡಿ ಏಕೆ?

ನಮಸ್ಕಾರ. ಪುಣೆಗೆ ಹೊಸದಾಗಿ ಬಂದಿರುವ ತಾವು ವೇತಾಳ ಟೇಕಡಿ ಎಂಬ ಗುಡ್ಡದ ಮೇಲಿನ ಬೇತಾಳನ ಗುಡಿಯನ್ನು ಕಂಡು, ಹೆಣದೊಳಗೆ ಸೇರಿಕೊಂಡು ವಿಕ್ರಮನಿಗೆ ಕಥೆ ಹೇಳುವ ಬೇತಾಳನಿಗೆ ಜನರು ಏಕೆ ಕೈಮುಗಿಯುತ್ತಾರೆ ಎಂದು ಕೇಳಿದ್ದೀರಿ.

ನಾವು ಬಾಲ್ಯದಿಂದ ಕೇಳಿದ ಆ ಬೇತಾಳ 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಇದ್ದಾನೆ. ಮಹಾರಾಷ್ಟ್ರ, ಗೋವೆಗಳ ಹಳ್ಳಿಗರ ನಂಬಿಕೆಯಲ್ಲಿ ಮಾತ್ರ ಅವನು ಭೂತಗಣಗಳ ಒಡೆಯ, ಊರಿನ ಎಲ್ಲೆಯನ್ನು ಕಾಯುವ ದೈವ. ಭೂತಗಳನ್ನು ಅಂಕೆಯಲ್ಲಿಡಬಲ್ಲವನನ್ನೇ ಕಾವಲಿಗೆ ನಿಲ್ಲಿಸಿಕೊಂಡ ಈ ಆಲೋಚನೆ ನನಗೆ ಬಹಳ ಹಿಡಿಸುತ್ತದೆ. ನಮ್ಮ ತುಳುನಾಡಿನ ಭೂತಾರಾಧನೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಸಾಧ್ಯವಾದರೆ ಗೋವೆಗೆ ಹೋಗಿ ನೋಡಿ. ಡಿಚೋಲಿ ತಾಲ್ಲೂಕಿನ ಆಮೋಣೆಯಲ್ಲಿ ಬೇತಾಳನ ಪ್ರಸಿದ್ಧ ದೇವಸ್ಥಾನವಿದೆ. ಕಾಣಕೋಣ ತಾಲ್ಲೂಕಿನ ಲೋಲಿಯೆಯಲ್ಲಿ ಆಳೆತ್ತರವನ್ನು ಮೀರಿದ ಅವನ ಕಲ್ಲಿನ ವಿಗ್ರಹ ಬಯಲಿನಲ್ಲಿ ನಿಂತಿದೆ. ಗೋವೆಯ ಭಕ್ತರು ಅವನಿಗೆ ಚರ್ಮದ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುವುದುಂಟು. ರಾತ್ರಿಯಿಡೀ ಊರು ಸುತ್ತಿ ಕಾಯುವುದರಿಂದ ಅವು ಸವೆಯುತ್ತವೆ, ಆದ್ದರಿಂದ ಮತ್ತೆ ಹೊಸ ಜೋಡು ಕೊಡಬೇಕು ಎಂಬುದು ಅವರ ನಂಬಿಕೆ. ಹಾಗೆ ಇಟ್ಟ ಒಂದು ಜೋಡಿನ ಹಿಮ್ಮಡಿಯನ್ನು ಅಲ್ಲಿನ ಅಜ್ಜರೊಬ್ಬರು ನನಗೆ ಬೆರಳಿನಿಂದ ಮುಟ್ಟಿ ತೋರಿಸಿದ್ದರು. ಅಂಗಾಲಿಗಿಂತ ಎಷ್ಟೋ ದೊಡ್ಡದಾದ ಆ ಚಪ್ಪಲಿಯನ್ನು ಯಾವ ಮನುಷ್ಯನೂ ಮೆಟ್ಟಲಾರ.

ಗೋವೆಯಲ್ಲಿ ದೇವಚಾರನೆಂಬ ಇನ್ನೊಬ್ಬ ಕಾವಲುಗಾರನಿದ್ದಾನೆ. ಕಂಬಳಿ ಹೊದ್ದು, ಕೋಲು ಹಿಡಿದು, ದಾರಿ ತಪ್ಪಿದವರನ್ನು ಮನೆಗೆ ತಲುಪಿಸುವವನೆಂದು ಅವನ ಬಗ್ಗೆ ಹೇಳುತ್ತಾರೆ.