ಕೋವಿಡ್‌ಗೆ ಬಂದ ಕೋಟಿಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಬೆಡ್ ಯಾಕಾಗಲಿಲ್ಲ?

ನೀವು ಕೇಳಿದ್ದು: ‘ಕೋವಿಡ್ ಹೆಸರಲ್ಲಿ ಸಾವಿರಾರು ಕೋಟಿ ಬಿಡುಗಡೆ ಆಯಿತು ಅಂತ ಓದಿದ್ದೆವು. ಆದರೂ 2021ರ ಮೇ ತಿಂಗಳಲ್ಲಿ ನಮ್ಮ ಮಾವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಐಸಿಯು ಬೆಡ್ ಸಿಗಲಿಲ್ಲ. ದುಡ್ಡೆಲ್ಲ ತಿಂದು ಹಾಕಿದರಾ?’

ತಿಂದಿರಲೂಬಹುದು. ಕೋವಿಡ್ ಖರೀದಿಗಳ ತನಿಖೆಗೆಂದೇ ರಾಜ್ಯ ಸರ್ಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಮೈಕಲ್ ಡಿಕುನ್ಹಾ ಅವರ ಆಯೋಗ ನೇಮಿಸಿತು. ಅದು ಆ ಕಡೆ ಇರಲಿ. ಯಾರೊಬ್ಬರೂ ಒಂದು ರೂಪಾಯಿ ಮುಟ್ಟದೇ ಇದ್ದಿದ್ದರೂ ನಿಮ್ಮ ಮಾವನಿಗೆ ಆ ಬೆಡ್ ಸಿಗುವುದು ಕಷ್ಟವೇ ಇತ್ತು. ಆಗ ನಾನು ಒಂದು ತಾಲ್ಲೂಕು ಆಸ್ಪತ್ರೆಯ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಬಿಲ್ಲು, ಖಜಾನೆ, ಸ್ಟಾಕ್ ರಿಜಿಸ್ಟರು, ಬಳಕೆ ಪ್ರಮಾಣಪತ್ರ ಎಲ್ಲವೂ ನನ್ನ ಮೇಜಿನ ಮೇಲೇ ಹಾದು ಹೋಗುತ್ತಿದ್ದವು. ಡಾಕ್ಟರುಗಳು ಬೇರೆ ಥರ ಹೇಳಬಹುದು, ನನಗೆ ಗೊತ್ತಿರುವುದು ಲೆಕ್ಕದ ಕಡೆಯಿಂದ.

ಮೊದಲು ಸೋಂಕು ಬರುವುದಕ್ಕೆ ಮುಂಚಿನ ಮಾತು. ಜಿಡಿಪಿಯ ಶೇ 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು, 2025ರೊಳಗೆ ಅಲ್ಲಿಗೆ ತಲುಪಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಬರೆದಿದೆ. 2019-20ರಲ್ಲಿ, ಅಂದರೆ ಕೊರೊನಾ ಬಾಗಿಲಿಗೆ ಬಂದ ವರ್ಷ, ಕೇಂದ್ರ ಮತ್ತು ರಾಜ್ಯಗಳದ್ದು ಎಲ್ಲ ಸೇರಿ ಆದದ್ದು ಶೇ 1.35. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದ ನೂರು ರೂಪಾಯಿಯಲ್ಲಿ 47 ರೂಪಾಯಿಯನ್ನು ಜನ ನೇರವಾಗಿ ಕೈಯಿಂದ ಕೊಟ್ಟಿದ್ದರು.

ಈ ಶೇಕಡಾವಾರು ನನ್ನಂಥವನ ಮೇಜಿಗೆ ಬರುವುದು ಒಂದು ಪಟ್ಟಿಯ ರೂಪದಲ್ಲಿ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಪ್ರತಿ ತಿಂಗಳೂ ಜಿಲ್ಲಾ ಕಚೇರಿಗೆ ಕಳಿಸಬೇಕು. ನಮ್ಮಲ್ಲಿ ಅರಿವಳಿಕೆ ತಜ್ಞರ ಹುದ್ದೆ ಎಷ್ಟು ಕಾಲದಿಂದ ಖಾಲಿ ಇತ್ತೆಂದರೆ, ಆ ಸಾಲನ್ನು ನಾನು ಟೈಪ್ ಮಾಡುತ್ತಲೇ ಇರಲಿಲ್ಲ, ಹಿಂದಿನ ತಿಂಗಳ ಪಟ್ಟಿಯ ದಿನಾಂಕ ಮಾತ್ರ ಬದಲಾಯಿಸುತ್ತಿದ್ದೆ. ಹುದ್ದೆ ಖಾಲಿ ಇದ್ದರೆ ಸಂಬಳ ಉಳಿಯುತ್ತದೆ, ಉಳಿದದ್ದನ್ನು ಮಾರ್ಚ್ ಕೊನೆಗೆ ಸರ್ಕಾರಕ್ಕೆ ವಾಪಸ್ ಒಪ್ಪಿಸುತ್ತೇವೆ. ಕಡತದ ಮಟ್ಟಿಗೆ ಅದು ಉಳಿತಾಯ.

ಆಮೇಲೆ ದುಡ್ಡು ಬಂತು, ಬರಲಿಲ್ಲ ಅಂತ ಸುಳ್ಳು ಹೇಳಲಾರೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೋವಿಡ್ಡನ್ನು ವಿಪತ್ತು ಅಂತ ಪರಿಗಣಿಸಿ, ರಾಜ್ಯಗಳು ವಿಪತ್ತು ಪರಿಹಾರ ನಿಧಿಯಿಂದ ಖರ್ಚು ಮಾಡಲು ಅನುವು ಮಾಡಿಕೊಟ್ಟಿತು. ಏಪ್ರಿಲ್‌ನಲ್ಲಿ 15,000 ಕೋಟಿ ರೂಪಾಯಿಯ ತುರ್ತು ಪ್ಯಾಕೇಜ್ ಘೋಷಣೆಯಾಯಿತು. ಮುಂದಿನ ವರ್ಷದ ಜುಲೈನಲ್ಲಿ ಇನ್ನೊಂದು, 23,123 ಕೋಟಿಯದು. ಅಷ್ಟರಲ್ಲಿ ಎರಡನೇ ಅಲೆ ಇಳಿದಾಗಿತ್ತು. ನಮಗೆ ಬರುವಷ್ಟರಲ್ಲಿ ಇದು ಡಿಸಿ ಕಚೇರಿಯಿಂದ ಒಂದು ತೊರೆ, ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ (ಎನ್‌ಎಚ್‌ಎಂ) ಇನ್ನೊಂದು ತೊರೆ. ಒಂದೊಂದಕ್ಕೂ ಬೇರೆ ಲೆಕ್ಕ, ಬೇರೆ ಬಳಕೆ ಪ್ರಮಾಣಪತ್ರ. ಪಿಪಿಇ ಕಿಟ್, ಮಾಸ್ಕ್, ಸ್ಯಾನಿಟೈಸರ್, ಜ್ವರದ ಕ್ಲಿನಿಕ್, ತಾತ್ಕಾಲಿಕ ಸಿಬ್ಬಂದಿ, ಇದಕ್ಕೆಲ್ಲ ಅವಕಾಶ ಇತ್ತು. ಒಂದೇ ಒಂದು ಕಾಯಂ ಹುದ್ದೆಗೆ ಇರಲಿಲ್ಲ. ಕಾಯಂ ಹುದ್ದೆ ಬೇಕೆಂದರೆ ಹಣಕಾಸು ಇಲಾಖೆಯ ಸಹಮತಿ, ನೇಮಕಾತಿ ಅಧಿಸೂಚನೆ, ಮೀಸಲಾತಿ ರೋಸ್ಟರ್, ಅದರ ಮೇಲೊಂದು ಕೋರ್ಟ್ ತಡೆ, ಇಷ್ಟೆಲ್ಲ ದಾಟಬೇಕು. ವೈರಸ್ ಅಷ್ಟು ದಿನ ಕಾಯುವುದಿಲ್ಲ.

ಈಗ ಬೆಡ್ಡಿಗೆ ಬರೋಣ. ಕಬ್ಬಿಣದ ಮಂಚ, ಹಾಸಿಗೆ, ಸಲೈನ್ ಸ್ಟ್ಯಾಂಡ್ ತರಿಸುವುದು ದೊಡ್ಡ ಕೆಲಸವಲ್ಲ, ದಾನಿಗಳೇ ತಂದುಕೊಟ್ಟರು. ಆರು ವೆಂಟಿಲೇಟರ್ ಬೆಡ್ ನಡೆಸಬೇಕು ಅಂದುಕೊಳ್ಳಿ. ಇಬ್ಬರು ರೋಗಿಗೆ ಒಬ್ಬ ನರ್ಸ್ ಅಂತ ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಒಂದು ಪಾಳಿಗೆ ಮೂವರು, ದಿನಕ್ಕೆ ಒಂಬತ್ತು ಮಂದಿ. 2020ರಲ್ಲಿ ಒಂದು ವಾರ ಕೋವಿಡ್ ಡ್ಯೂಟಿ ಮಾಡಿದವರನ್ನು ಆಮೇಲೆ ಕ್ವಾರಂಟೈನಿಗೆ ಕಳಿಸುತ್ತಿದ್ದೆವು, ಆಗ ಒಂಬತ್ತು ಹೋಗಿ ಹದಿನೆಂಟಾಯಿತು. ವಾರದ ರಜೆ, ಸೋಂಕು ತಗುಲಿ ಮಲಗಿದವರು ಬೇರೆ. ಹದಿನೆಂಟು ನರ್ಸುಗಳನ್ನು ಆರು ಮಂಚಕ್ಕೇ ಬಿಟ್ಟುಬಿಟ್ಟರೆ ಹೆರಿಗೆ ವಾರ್ಡ್ ನೋಡುವವರು ಯಾರು? ಕೊರೊನಾ ಬಂತು ಅಂತ ಹೆರಿಗೆ ನಿಲ್ಲುತ್ತದೆಯೇ? ಹಾವು ಕಚ್ಚಿದವರು ಬರುವುದು ನಿಲ್ಲುತ್ತದೆಯೇ?

ಗುತ್ತಿಗೆ ನರ್ಸುಗಳಿಗೆ ಜಾಹೀರಾತು ಕೊಟ್ಟೆವು. ಐಸಿಯು ಅನುಭವ ಇದ್ದವರಿಗೆ ಆ ಹೊತ್ತಿಗೆ ಖಾಸಗಿಯವರು ನಮ್ಮ ಎರಡು ಪಟ್ಟು ಕೊಡುತ್ತಿದ್ದರು, ಕೆಲವೇ ತಿಂಗಳ ಕೆಲಸಕ್ಕೆ ಅವರು ಯಾಕೆ ಬರುತ್ತಾರೆ? ಬಂದವರು ಆಗಷ್ಟೇ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ಹುಡುಗಿಯರು. ಅವರ ಬಗ್ಗೆ ಒಂದು ಕೆಟ್ಟ ಮಾತು ಆಡಲಾರೆ, ಮನೆಯವರು ಬೇಡವೆಂದರೂ ಬಂದವರು. ಆದರೆ ಉಸಿರಾಟಕ್ಕೆ ಕೊಳವೆ ಹಾಕಿದ ರೋಗಿಯನ್ನು ರಾತ್ರಿಯಿಡೀ ನೋಡಿಕೊಳ್ಳುವುದನ್ನು ಹತ್ತು ದಿನದ ಆನ್‌ಲೈನ್ ತರಬೇತಿ ಕಲಿಸುವುದಿಲ್ಲ.

ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಗೆ 50,000 ವೆಂಟಿಲೇಟರ್ ಅಂತ ಕೇಳಿರುತ್ತೀರಿ. ನಮಗೂ ವೆಂಟಿಲೇಟರ್ ಬಂದವು. ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿ ಸಹಿ ಮಾಡಿದವನು ನಾನೇ. ಪೆಟ್ಟಿಗೆ ಸಮೇತ ಔಷಧ ಉಗ್ರಾಣದಲ್ಲಿ, ಗ್ಲೂಕೋಸ್ ಬಾಟಲಿಗಳ ಪಕ್ಕದಲ್ಲೇ ಕೂತವು. ನಡೆಸಬೇಕಾದ ಅರಿವಳಿಕೆ ತಜ್ಞರ ಹುದ್ದೆ ನಾನು ಮೇಲೆ ಹೇಳಿದ ಪಟ್ಟಿಯಲ್ಲಿ ಖಾಲಿ ಇತ್ತಲ್ಲ. ಇದು ನಮ್ಮೊಂದೇ ಊರಿನ ಕಥೆಯಾಗಿರಲಿಲ್ಲ. ಎಲ್ಲೆಲ್ಲಿ ಬಳಕೆಯಾಗದೆ ಬಿದ್ದಿವೆ ಅಂತ ವರದಿಗಳು ಬಂದ ಮೇಲೆ 2021ರ ಮೇ ಮಧ್ಯದಲ್ಲಿ ಪ್ರಧಾನಿಯವರೇ ವೆಂಟಿಲೇಟರ್‌ಗಳ ಆಡಿಟ್‌ಗೆ ಹೇಳಬೇಕಾಯಿತು.

ಆಕ್ಸಿಜನ್ನಿನದು ಇನ್ನೊಂದು ಲೆಕ್ಕ, ಇದನ್ನು ಆ ದಿನಗಳಲ್ಲಿ ನಾವು ನಿದ್ದೆಯಲ್ಲೂ ಮಾಡುತ್ತಿದ್ದೆವು. ಒಂದು ಜಂಬೊ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ಹತ್ತು ರೋಗಿಗಳಿದ್ದರೆ ಒಂದು ಸಿಲಿಂಡರ್ 70 ನಿಮಿಷದಲ್ಲಿ ಖಾಲಿ. ದಿನಕ್ಕೆ ಇಪ್ಪತ್ತು ಸಿಲಿಂಡರ್ ಸಾಲುವುದಿಲ್ಲ. ಮೂಗಿನ ಮೂಲಕ ಜೋರಾಗಿ ಆಕ್ಸಿಜನ್ ಹರಿಸುವ ಹೈ ಫ್ಲೋ ಯಂತ್ರವನ್ನು ನಿಮಿಷಕ್ಕೆ 60 ಲೀಟರ್‌ಗೆ ಇಟ್ಟರೆ ಒಬ್ಬನೇ ರೋಗಿಗೆ ಒಂದು ಸಿಲಿಂಡರ್ ಎರಡು ತಾಸು ಬಾಳುವುದಿಲ್ಲ. ನಮ್ಮ ಸಿಲಿಂಡರ್ ತುಂಬಿಸುವ ಘಟಕ ಪಕ್ಕದ ಜಿಲ್ಲೆಯಲ್ಲಿ. ಟಾಟಾ ಏಸ್ ಕಳಿಸಿದರೆ ಅಲ್ಲಿ ಸರತಿ, ಚಾಲಕ ಊಟ ಬಿಟ್ಟು ಕಾಯಬೇಕು, ಇಲ್ಲಿ ಆಡಳಿತ ವೈದ್ಯಾಧಿಕಾರಿಗಳು ಅವನಿಗೆ ಕಾಲು ಗಂಟೆಗೊಮ್ಮೆ ಫೋನು. ದುಡ್ಡಿನ ತೊಂದರೆ ಅಲ್ಲವೇ ಅಲ್ಲ, ಬಿಲ್ ಆಮೇಲೆ ಕೊಟ್ಟರೂ ನಡೆಯುತ್ತಿತ್ತು.

ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2-3ರ ಹೊತ್ತಿಗೆ 24 ಮಂದಿ ಜೀವ ಬಿಟ್ಟದ್ದು ಇಂಥದೇ ಹಾದಿಯ ತುದಿಯಲ್ಲಿ. ಅವರಿಗೆ ಆಕ್ಸಿಜನ್ ಮೈಸೂರಿನಿಂದ ಬರಬೇಕಿತ್ತು. ಹೈಕೋರ್ಟ್ ನೇಮಿಸಿದ ಸಮಿತಿ ಆಕ್ಸಿಜನ್ ಕೊರತೆಯತ್ತಲೇ ಬೊಟ್ಟು ಮಾಡಿತು. ಅದೇ ವಾರ ರಾಜ್ಯದಲ್ಲಿ ದಿನದ ಪ್ರಕರಣ 50,000 ದಾಟಿತು. ಕೇಂದ್ರ ನಮಗೆ ಕೊಡುತ್ತಿದ್ದ 965 ಟನ್ ಆಕ್ಸಿಜನ್ನನ್ನು ದಿನಕ್ಕೆ 1,200 ಟನ್ನಿಗೆ ಏರಿಸಿ ಅಂತ ಹೈಕೋರ್ಟ್ ಆದೇಶಿಸಿತು, ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ತಡೆ ಸಿಗಲಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಂಟಿಕೊಂಡು ಆಕ್ಸಿಜನ್ ತಯಾರಾಗುವ ರಾಜ್ಯ ನಮ್ಮದು. ಅಲ್ಲಿ ತಯಾರಾದ ಮೇಲೂ ಟ್ಯಾಂಕರ್ ಬೇಕು, ಆಸ್ಪತ್ರೆಯಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಬೇಕು, ಗೋಡೆಯೊಳಗೆ ಪೈಪ್ ಬೇಕು. ಆ ಪೈಪ್‌ಲೈನ್ ಪ್ರಸ್ತಾವನೆ ನಮ್ಮಲ್ಲಿ ಕೋವಿಡ್ಡಿಗೂ ಮೊದಲೇ ಹೋಗಿತ್ತು, ‘ಅನುದಾನ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು’ ಅಂತ ವಾಪಸ್ ಬಂದಿತ್ತು.

ಖಾಸಗಿಗೆ ಹೋಗಬಹುದಿತ್ತಲ್ಲ ಅನ್ನುತ್ತೀರಿ. 2020ರ ಜೂನ್‌ನಲ್ಲಿ ಸರ್ಕಾರ ದರ ನಿಗದಿ ಮಾಡಿತ್ತು. ಸರ್ಕಾರವೇ ಕಳಿಸಿದ ರೋಗಿಗೆ ವೆಂಟಿಲೇಟರ್ ಬೆಡ್‌ಗೆ ದಿನಕ್ಕೆ 10,000 ರೂಪಾಯಿ, ಅದನ್ನು ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕೊಡುತ್ತಿತ್ತು. ನೇರವಾಗಿ ಹೋದವರಿಗೆ 25,000ದವರೆಗೆ. ಬೆಂಗಳೂರಿನಲ್ಲಿ ಇದರಿಂದ ಎಷ್ಟೋ ಜನಕ್ಕೆ ಅನುಕೂಲವಾಯಿತು. ಐಸಿಯು ಇರುವ ಖಾಸಗಿ ಆಸ್ಪತ್ರೆಯೇ ಇಲ್ಲದ ತಾಲ್ಲೂಕಿನಲ್ಲಿ ದರಪಟ್ಟಿ ಇಟ್ಟುಕೊಂಡು ಏನು ಮಾಡುವುದು?

ಆಶಾ ಕಾರ್ಯಕರ್ತೆಯರನ್ನು ಮರೆಯಬಾರದು. ಮನೆಮನೆಗೆ ಹೋಗಿ ಜ್ವರ ಯಾರಿಗಿದೆ ಅಂತ ಬರೆದುಕೊಂಡು ಬಂದವರು ಅವರು, ಬೈಸಿಕೊಂಡವರೂ ಅವರೇ. 2020ರ ಜುಲೈನಲ್ಲಿ ಅವರು ಮುಷ್ಕರ ಕೂತರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ. ಅವರ ಕೈಗೆ ಥರ್ಮಲ್ ಸ್ಕ್ಯಾನರ್ ಕೊಡಲು ಹಣ ತಕ್ಷಣ ಸಿಕ್ಕಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಇದ್ದ ಸಿಬ್ಬಂದಿಯನ್ನೇ ಎಳೆದಾಡಿದ್ದಕ್ಕೆ ಬೇರೆ ಕಾಯಿಲೆಯವರೂ ಬೆಲೆ ತೆತ್ತರು. ದೇಶದಲ್ಲಿ 2019ರಲ್ಲಿ 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ 18 ಲಕ್ಷ. ಕಾಯಿಲೆ ಕಡಿಮೆಯಾಗಿ ಅಲ್ಲ. ಕಫ ಪರೀಕ್ಷೆ ಮಾಡುತ್ತಿದ್ದ ಲ್ಯಾಬ್ ಟೆಕ್ನಿಷಿಯನ್ ಗಂಟಲ ದ್ರವ ತೆಗೆಯುತ್ತಿದ್ದ, ರೋಗಿಗೆ ಬಸ್ಸೂ ಇರಲಿಲ್ಲ.

ಅಲೆ ಇಳಿದ ಮೇಲೆ ನಮ್ಮ ಗುತ್ತಿಗೆ ಹುಡುಗಿಯರ ಆದೇಶ ಮುಂದುವರಿಯಲಿಲ್ಲ. ಅಷ್ಟರಲ್ಲಿ ಅವರು ನಿಜವಾಗಿಯೂ ಕೆಲಸ ಕಲಿತಿದ್ದರು. ಆಕ್ಸಿಜನ್ ತಯಾರಿಸುವ ಘಟಕ ಆಮೇಲೆ ಬಂತು, ಆವರಣದಲ್ಲೇ ನಿಂತಿದೆ. ಅದಕ್ಕೆ ಆಪರೇಟರ್ ಯಾರು, ಕರೆಂಟ್ ಬಿಲ್ ಯಾವ ಲೆಕ್ಕಕ್ಕೆ ಅನ್ನುವ ಪತ್ರವ್ಯವಹಾರ ನಾನು ಅಲ್ಲಿಂದ ವರ್ಗವಾಗುವವರೆಗೂ ಮುಗಿದಿರಲಿಲ್ಲ.

ನಿಮಗೆ ನಿಮ್ಮೂರಿನ ವಿಚಾರ ತಿಳಿಯಬೇಕಿದ್ದರೆ ಎಷ್ಟು ಕೋಟಿ ಬಂತು ಅಂತ ಕೇಳಬೇಡಿ, ಅದಕ್ಕೆ ಚಂದದ ಉತ್ತರ ಕೊಡುವುದು ನಮಗೆ ಗೊತ್ತು. 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ. ತಜ್ಞ ವೈದ್ಯರು, ಶುಶ್ರೂಷಾಧಿಕಾರಿಗಳು, ಲ್ಯಾಬ್ ಟೆಕ್ನಿಷಿಯನ್‌ಗಳ ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳ ಪಟ್ಟಿ ಕೇಳಿ, ಮಾರ್ಚ್ 2020ರದ್ದು ಮತ್ತು ಈ ತಿಂಗಳದ್ದು. ‘ಮಾಹಿತಿ ಕ್ರೋಡೀಕರಿಸಬೇಕಿದೆ’ ಅಂತ ಉತ್ತರ ಬಂದರೆ ಒಪ್ಪಬೇಡಿ, ಆ ಪಟ್ಟಿ ಪ್ರತಿ ತಿಂಗಳೂ ಸಿದ್ಧವಿರುತ್ತದೆ.