ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಅಸಲಿ ಇಂಧನ ಪಂಪ್, ಇಂಜೆಕ್ಟರ್ ಕೊಳ್ಳುವಾಗ ಏನು ನೋಡಬೇಕು?

ಈ ಕಾರಿನ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನಿಂದ (ಕವಾಟಗಳನ್ನು ತೆರೆಯುವ ದಂಡದಿಂದ) ನಡೆಯುವ ಪಂಪ್ ಪೆಟ್ರೋಲನ್ನು, ಎಂಜಿನ್ನಿನ ಪೀಳಿಗೆಗೆ ತಕ್ಕಂತೆ, ಸುಮಾರು 150ರಿಂದ 350 ಬಾರ್ ಒತ್ತಡಕ್ಕೆ ಏರಿಸುತ್ತದೆ. ಆದ್ದರಿಂದ ನಕಲಿ ಭಾಗ ಹಾಕಿದರೆ ಪಿಕಪ್ ಕುಂದುವುದಷ್ಟೇ ಅಲ್ಲ, ಸೋರಿಕೆಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಉಂಟು.

ಮೊದಲು 17 ಅಂಕಿ-ಅಕ್ಷರಗಳ ಚಾಸಿ ನಂಬರನ್ನು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಕೊಟ್ಟು, ನಿಮ್ಮ ಕಾರಿಗೇ ಹೊಂದುವ ಪಾರ್ಟ್ ನಂಬರನ್ನು ಬರೆಸಿಕೊಳ್ಳಿ. ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಸಮೂಹದ ಇಂತಹ ಅಧಿಕ ಒತ್ತಡದ ಪಂಪುಗಳ ನಂಬರಿನಲ್ಲಿ ನಡುವಿನ ‘127’ ಎಂಬ ಅಂಕಿ ಭಾಗದ ಗುಂಪನ್ನೂ, ಕೊನೆಯ ಅಕ್ಷರ ಪರಿಷ್ಕರಣೆಯನ್ನೂ ಸೂಚಿಸುತ್ತವೆ. ಆ ಅಕ್ಷರ ಬೇರೆಯಿದ್ದ ಮಾತ್ರಕ್ಕೆ ಭಾಗ ನಕಲಿಯಲ್ಲ; ಅದು ಹೊಸ ಆವೃತ್ತಿಯಾಗಿರಬಹುದು, ವಿಚಾರಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕೊಳ್ಳುವುದಾದರೆ, ಪೆಟ್ಟಿಗೆಯ ಹೊಲೊಗ್ರಾಮಿಗೆ ಮರುಳಾಗದೆ (ಅದನ್ನು ಅಚ್ಚು ಹಾಕಿಸುವುದು ಕಷ್ಟವೇನಲ್ಲ) ಪಂಪಿನ ಲೋಹದ ಮೈಮೇಲಿನ ಗುರುತನ್ನು ನಿಮ್ಮ ಚೀಟಿಯೊಂದಿಗೆ ತಾಳೆ ನೋಡಿ, ಜಿಎಸ್‌ಟಿ ಬಿಲ್ಲಿನಲ್ಲಿ ಪಾರ್ಟ್ ನಂಬರ್ ನಮೂದಿಸಲು ಹೇಳಿ. ಅದಕ್ಕೆ ಹಿಂಜರಿಯುವ ಅಂಗಡಿಯಲ್ಲಿ ವ್ಯವಹಾರವೇ ಬೇಡ.

ಕಾರು ಕಂಪನಿಯ ಪೆಟ್ಟಿಗೆಯೇ ಆಗಬೇಕೆಂದೇನಿಲ್ಲ. ಬಾಷ್, ಹಿಟಾಚಿಯಂತಹ ಮೂಲ ಪೂರೈಕೆದಾರರು ತಮ್ಮದೇ ಹೆಸರಿನಲ್ಲಿ ಮಾರುವ ಭಾಗ ಸಾಮಾನ್ಯವಾಗಿ ಅಗ್ಗ, ಗುಣಮಟ್ಟದಲ್ಲಿ ಕಡಿಮೆಯೇನಲ್ಲ. ಇಂಜೆಕ್ಟರ್ ಬಿಚ್ಚಿದಾಗಲೆಲ್ಲ ಅದರ ತುದಿಯ ಟೆಫ್ಲಾನ್ ಸೀಲನ್ನು ಹೊಸದಾಗಿ ಹಾಕಬೇಕಾದ್ದರಿಂದ, ಆ ಸೀಲುಗಳನ್ನೂ ಜೊತೆಗೇ ತರಿಸಿಕೊಳ್ಳಿ.