ಮೂರು ವರ್ಷ ಮುಚ್ಚಿಟ್ಟ ಬಾಕಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಾಲದ ಸಲಹೆಗೆ ಅಂತ ನನ್ನ ಹತ್ತಿರ ಬಂದ ಆ ಹೆಂಗಸಿಗೆ 38 ವರ್ಷ. ಒಂದೇ ತಿಂಗಳಲ್ಲಿ ಐದು ಕಡೆ ಮನೆ ಸಾಲಕ್ಕೆ ಅರ್ಜಿ ಹಾಕಿದ್ದರು. ಐದೂ ಕಡೆ ಇಲ್ಲ ಅಂದಿದ್ದರು. ಗಂಡನಿಗೂ ಒಳ್ಳೆಯ ಸಂಬಳ ಇದೆ, ಆದರೂ ಅರ್ಜಿ ಇವರೊಬ್ಬರ ಹೆಸರಲ್ಲಿ. ಯಾಕೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು.

ಮೂರು ವರ್ಷದ ಹಿಂದೆ ಗಂಡ ಆಸ್ಪತ್ರೆಯಲ್ಲಿದ್ದಾಗ ಖರ್ಚೆಲ್ಲ ಇವರ ಕ್ರೆಡಿಟ್ ಕಾರ್ಡ್ ಮೇಲೆ ಬಿತ್ತು. ನಾಲ್ಕು ಕಂತು ತಪ್ಪಿತು. ಕೊನೆಗೆ ಕಾರ್ಡ್ ಕೊಟ್ಟವರು ಅರ್ಧ ಕಟ್ಟಿ ಮುಗಿಸಿ ಅಂದರು, ಇವರು ಒಪ್ಪಿಕೊಂಡರು. ಗಂಡನಿಗೆ ಇವತ್ತಿನವರೆಗೂ ಹೇಳಿಲ್ಲ. "ಅವರ ಕಾಯಿಲೆಯಿಂದ ಹೀಗಾಯ್ತು ಅಂತ ಅವರಿಗೆ ಅನ್ನಿಸಬಾರದು" ಅಂದರು.

ಮೊದಲ ದಿನ ಒಂದೇ ಕೆಲಸ ಕೊಟ್ಟೆ: ನಿಮ್ಮ ಕ್ರೆಡಿಟ್ ವರದಿ ತರಿಸಿ, ಅಂದರೆ ಯಾವ ಸಾಲ ತಗೊಂಡಿರಿ, ಹೇಗೆ ಕಟ್ಟಿದಿರಿ ಅನ್ನುವ ದಾಖಲೆ. ಅದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ನೋಡಿದರೆ ಸ್ಕೋರ್, ಅಂದರೆ ಆ ದಾಖಲೆ ನೋಡಿ ಕೊಡುವ ಅಂಕ, ಇಳಿಯುತ್ತೆ ಅಂತ ಭಯ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಸಾಲ ಕೇಳಿದಾಗ ಸಾಲ ಕೊಡುವವರು ನೋಡುತ್ತಾರಲ್ಲ, ಅದು ದಾಖಲಾಗುತ್ತದೆ, ಸ್ಕೋರ್ ಸ್ವಲ್ಪ ಇಳಿಯಬಹುದು. ಮನೆ ಸಾಲಕ್ಕೆ ಹತ್ತಿರದ ದಿನಗಳಲ್ಲಿ ಹಾಕಿದ ಅರ್ಜಿಗಳನ್ನು ಸ್ಕೋರ್ ಲೆಕ್ಕ ಹಾಕುವ ಕೆಲವರು ಒಂದೇ ಅಂತ ಹಿಡಿಯುತ್ತಾರೆ. ಎಲ್ಲ ಕಡೆ ಹಾಗಿಲ್ಲ. ಅದಕ್ಕೇ ಸದ್ಯಕ್ಕೆ ಹೊಸ ಅರ್ಜಿ ಬೇಡ ಅಂದೆ.

ವರದಿ ಬಂತು. ಅವರ ಕಣ್ಣು ನೇರವಾಗಿ ಆ ನಾಲ್ಕು ಕಂತುಗಳ ಮೇಲೆ ಹೋಯಿತು. ನನಗೆ ಅದಕ್ಕಿಂತ ಚಿಂತೆಯಾದದ್ದು ಬೇರೆ. ಈಗಿರುವ ಕಾರ್ಡುಗಳ ಮಿತಿಯಲ್ಲಿ 80% ಬಳಕೆಯಾಗಿತ್ತು. ಅಮೆರಿಕದಲ್ಲಿ ಬಳಸುವ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ, ನಮ್ಮ ದೇಶದ ಸಿಬಿಲ್ ಸ್ಕೋರ್ 300ರಿಂದ 900. ಅಳತೆ ಯಾವುದೇ ಇರಲಿ, ಎರಡು ವಿಷಯಕ್ಕೆ ತೂಕ ಜಾಸ್ತಿ: ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ, ಈಗ ಎಷ್ಟು ಬಾಕಿ ಇದೆ. ಫೈಕೋದಲ್ಲಿ ಮೊದಲನೆಯದಕ್ಕೆ 35%, ಎರಡನೆಯದಕ್ಕೆ 30%. ಹಳೆಯ ತಪ್ಪನ್ನು ಅಳಿಸಲು ಆಗಲ್ಲ, ಅದರ ಪೆಟ್ಟು ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಬಾಕಿ ಮಾತ್ರ ಇವತ್ತೇ ನಮ್ಮ ಕೈಯಲ್ಲಿದೆ. ಮಿತಿಯ 30% ಒಳಗೆ ತನ್ನಿ ಅಂದೆ. ಅವುಗಳಲ್ಲಿ ಹಳೆಯ ಕಾರ್ಡ್ ಒಂದನ್ನು ಮುಚ್ಚುತ್ತೇನೆ ಅಂದರು. ಬೇಡ ಅಂದೆ. ಮುಚ್ಚಿದರೆ ಒಟ್ಟು ಮಿತಿ ಕುಗ್ಗಿ, ಅಷ್ಟೇ ಬಾಕಿ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅರ್ಧ ಕಟ್ಟಿ ಮುಗಿಸಿದ ಸಾಲ ವರದಿಯಲ್ಲಿ 'ಸೆಟಲ್ಡ್' ಅಂತಿತ್ತು. ಪೂರ್ತಿ ತೀರಿಸಿದ್ದಕ್ಕೂ ಇದಕ್ಕೂ ಸಾಲ ಕೊಡುವವರ ಕಣ್ಣಲ್ಲಿ ತುಂಬಾ ವ್ಯತ್ಯಾಸ. ಉಳಿದದ್ದನ್ನು ಕಟ್ಟಿದರೆ 'ಪೂರ್ತಿ ತೀರಿದೆ' ಅಂತ ಬದಲಿಸುತ್ತೀರಾ ಎಂದು ಮೊದಲು ಬರಹದಲ್ಲಿ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ ಅಂದೆ. ಹಾಗೇ ಮಾಡಿದರು. ಯಾರೋ ಮುಂಗಡ ಕೊಟ್ಟರೆ ಸ್ಕೋರ್ 'ಕ್ಲೀನ್' ಮಾಡಿಕೊಡುತ್ತೇವೆ ಅಂದಿದ್ದರಂತೆ. ಸರಿಯಾಗಿ ದಾಖಲಾದ ವಿಷಯವನ್ನು ದುಡ್ಡು ಕೊಟ್ಟು ತೆಗೆಸಲು ಆಗಲ್ಲ. ತಪ್ಪಾಗಿ ದಾಖಲಾಗಿದ್ದರೆ ನಾವೇ ದೂರು ಕೊಟ್ಟು ಸರಿಮಾಡಿಸಬಹುದು.

ಎಲ್ಲಕ್ಕಿಂತ ಕಷ್ಟದ ಸಲಹೆ: ಗಂಡನಿಗೆ ಹೇಳಿ. ಇಬ್ಬರೂ ಸೇರಿ ಅರ್ಜಿ ಹಾಕಿದರೆ ಆದಾಯ ಸೇರುತ್ತದೆ, ಇಬ್ಬರ ವರದಿಯೂ ಹೊರಬರುತ್ತದೆ. ಆ ಕಾಗದದಿಂದ ಅವರಿಗೆ ತಿಳಿಯೋದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ ಅಂದೆ. ಎರಡು ವಾರ ಅವರು ಬರಲೇ ಇಲ್ಲ. ಆಮೇಲೆ ಇಬ್ಬರೂ ಬಂದರು. ಗಂಡನ ಕೈಯಲ್ಲಿ ಆಸ್ಪತ್ರೆಯ ಬಿಲ್ಲುಗಳ ಕಡತವಿತ್ತು. ಕಂತು ಯಾಕೆ ತಪ್ಪಿತು ಅಂತ ಬರೆಯುವ ವಿವರಣೆ ಪತ್ರಕ್ಕೆ ಅದೇ ಬೇಕಿತ್ತು.

ಇಬ್ಬರಿಗೂ ಇನ್ನೊಂದು ಲೆಕ್ಕ ಕೊಟ್ಟೆ. ಮುಂದೆ ಬರುವ ಕಂತಿನಿಂದ ಈಗಿನ ಬಾಡಿಗೆ ಕಳೆಯಿರಿ. ಉಳಿದಷ್ಟನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ. ಆರು ತಿಂಗಳು ಉಸಿರು ಕಟ್ಟದೆ ಹಾಕಲು ಆದರೆ ಆ ಸಾಲ ನಿಮ್ಮ ಅಳತೆಯದು. ಮೂರನೇ ತಿಂಗಳೇ ಕಷ್ಟವಾಯಿತು. ಕೇಳಬೇಕೆಂದಿದ್ದ ಸಾಲವನ್ನು ಕಾಲು ಭಾಗ ಇಳಿಸಿಕೊಂಡರು. ಕೂಡಿಟ್ಟದ್ದು ಮನೆಗೆ ಕೈಯಿಂದ ಕಟ್ಟುವ ಮುಂಗಡಕ್ಕೆ ಸೇರಿತು.

11 ತಿಂಗಳ ನಂತರ ಒಂದೇ ಕಡೆ ಅರ್ಜಿ ಹಾಕಿದರು, ವಿವರಣೆ ಪತ್ರದ ಜೊತೆ. ಸಾಲ ಸಿಕ್ಕಿತು, ಬಡ್ಡಿ ಸ್ವಲ್ಪ ಜಾಸ್ತಿ. ಎರಡು ವರ್ಷ ತಪ್ಪದೆ ಕಟ್ಟಿ, ಆಮೇಲೆ ಬಡ್ಡಿ ಇಳಿಸಲು ಕೇಳಿ ಅಂದಿದ್ದೇನೆ. ಆಗ ಇಬ್ಬರೂ ಮತ್ತೆ ಬರುತ್ತಾರಂತೆ.